ರೋಗಿಯ ವೈದ್ಯಕೀಯ ದಾಖಲೆ ಪೂರ್ಣವಾಗಿರಲು ಆಸ್ಪತ್ರೆ ಏನು ಮಾಡಬೇಕು: ಹಂತ ಹಂತದ ಮಾರ್ಗದರ್ಶಿ

ಬಹಳಷ್ಟು ಆಸ್ಪತ್ರೆಗಳಲ್ಲಿ ದಾಖಲೆಯನ್ನು ಪೂರ್ಣಗೊಳಿಸುವ ಕೆಲಸ ಆರಂಭವಾಗುವುದೇ ರೋಗಿ ಮನೆಗೆ ಹೋದ ಮೇಲೆ. ಕೇಸ್ ಶೀಟ್ ದಾಖಲೆ ವಿಭಾಗಕ್ಕೆ ಬರುತ್ತದೆ. ಅಲ್ಲಿನ ಸಿಬ್ಬಂದಿ ಒಂದೊಂದೇ ಪುಟ ತಿರುವಿ ಸಹಿ ಇಲ್ಲದ ಕಡೆ, ಸಮಯ ನಮೂದಿಸದ ಕಡೆ, ಅಂತಿಮ ರೋಗನಿರ್ಣಯ ಬರೆಯದ ಕಡೆ ಚೀಟಿ ಅಂಟಿಸಿ ಸಂಬಂಧಪಟ್ಟ ವೈದ್ಯರಿಗೆ ಹಿಂದಿರುಗಿಸುತ್ತಾರೆ. ವೈದ್ಯರು ಬಿಡುವು ಸಿಕ್ಕಾಗ ಬಂದು ಒಂದು ರಾಶಿ ಕಡತಗಳಿಗೆ ಒಟ್ಟಿಗೆ ಸಹಿ ಹಾಕಿ ಹೋಗುತ್ತಾರೆ, ತಿಂಗಳ ವರದಿಯಲ್ಲಿ ಆ ದಾಖಲೆಗಳೆಲ್ಲ ಪೂರ್ಣವೆಂದು ಎಣಿಕೆಯಾಗುತ್ತವೆ. ಲೆಕ್ಕಕ್ಕೆ ಇದು ಸಾಕು, ಚಿಕಿತ್ಸೆಗೆ ಸಾಲದು. ರೋಗಿಯ ಅಲರ್ಜಿ ಏನೆಂಬುದು ರಾತ್ರಿ ಪಾಳಿಯ ವೈದ್ಯರಿಗೆ ಬೇಕಾಗಿದ್ದಾಗ ಆ ಜಾಗ ಖಾಲಿ ಇತ್ತು. ಬಿಡುಗಡೆಯಾದ ಮೂರು ವಾರಗಳ ಬಳಿಕ ಅದನ್ನು ತುಂಬಿದರೆ ಆ ರಾತ್ರಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೇಳಿರುವ ಹೆಜ್ಜೆಗಳೆಲ್ಲ ಒಂದೇ ನಿಲುವಿನ ಮೇಲೆ ನಿಂತಿವೆ: ದಾಖಲೆಯ ಕೊರತೆಯನ್ನು ರೋಗಿ ಹಾಸಿಗೆಯಲ್ಲಿರುವಾಗಲೇ ಕಂಡುಹಿಡಿದು ಸರಿಪಡಿಸಬೇಕು, ಮತ್ತು ಬರೆಯುವವರಿಗೆ ಬರೆಯುವುದು ಸುಲಭವಾಗುವಂತೆ ವ್ಯವಸ್ಥೆಯನ್ನು ಬದಲಿಸಬೇಕು. ಸುತ್ತೋಲೆ ಹೊರಡಿಸುವುದರಿಂದ, ಎಚ್ಚರಿಕೆ ಪತ್ರ ಕೊಡುವುದರಿಂದ ಸಿಗುವ ಸುಧಾರಣೆ ಬಹುಕಾಲ ನಿಲ್ಲುವುದಿಲ್ಲ. ಇಲ್ಲಿನ ಸಲಹೆಗಳು ಆಸ್ಪತ್ರೆಯ ಆಡಳಿತಗಾರರು, ದಾಖಲೆ ವಿಭಾಗದ ಮುಖ್ಯಸ್ಥರು, ನರ್ಸಿಂಗ್ ಮೇಲ್ವಿಚಾರಕರು ಮತ್ತು ಘಟಕಗಳ ಹಿರಿಯ ವೈದ್ಯರಿಗೆ ಉದ್ದೇಶಿಸಿದವು.

ಮೊದಲ ಹೆಜ್ಜೆ: ಪೂರ್ಣ ದಾಖಲೆ ಎಂದರೆ ಯಾವುದೆಂದು ನಿಶ್ಚಯಿಸಿ

ಪೂರ್ಣ ದಾಖಲೆಯಲ್ಲಿ ಏನೇನಿರಬೇಕು ಎಂಬ ಚರ್ಚೆ ಹೊಸದಲ್ಲ. ಆಸ್ಪತ್ರೆಗಳ ದಾಖಲೆಗಳು ಒಂದನ್ನೊಂದು ಹೋಲಿಸಿ ನೋಡಲು ಯೋಗ್ಯವಾಗಿಲ್ಲವೆಂದು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲೇ ದೂರಿದ್ದರು. 1919ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯು ಆಸ್ಪತ್ರೆಗಳಿಗೆ ಕನಿಷ್ಠ ಮಾನದಂಡವನ್ನು ಪ್ರಕಟಿಸಿದಾಗ, ಪ್ರತಿಯೊಬ್ಬ ರೋಗಿಗೂ ನಿಖರವಾದ, ಪೂರ್ಣವಾದ, ಬೇಕೆಂದಾಗ ಸಿಗುವ ದಾಖಲೆ ಇರಬೇಕೆಂಬುದು ಅದರ ಷರತ್ತುಗಳಲ್ಲಿ ಒಂದಾಗಿತ್ತು. ಗುರುತಿನ ವಿವರ, ರೋಗಿಯ ದೂರು, ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಇತಿಹಾಸ, ದೈಹಿಕ ಪರೀಕ್ಷೆ, ಪ್ರಯೋಗಾಲಯ ಹಾಗೂ ಎಕ್ಸ್‌ರೇ ವರದಿ, ತಾತ್ಕಾಲಿಕ ರೋಗನಿರ್ಣಯ, ಚಿಕಿತ್ಸೆ, ದಿನದಿನದ ಟಿಪ್ಪಣಿ, ಅಂತಿಮ ರೋಗನಿರ್ಣಯ, ಬಿಡುಗಡೆಯ ವೇಳೆಯ ಸ್ಥಿತಿ, ಮುಂದಿನ ಭೇಟಿಯ ವಿವರ, ಸಾವು ಸಂಭವಿಸಿದ್ದರೆ ಶವಪರೀಕ್ಷೆಯ ಫಲಿತಾಂಶ ಎಂಬ ಆ ಪಟ್ಟಿಯನ್ನು ಇಂದು ಓದಿದರೂ ಅದರಲ್ಲಿ ತೆಗೆದುಹಾಕಬೇಕಾದದ್ದು ಬಹುತೇಕ ಏನೂ ಕಾಣುವುದಿಲ್ಲ. ಏನು ಬರೆಯಬೇಕೆಂಬುದು ನೂರು ವರ್ಷಗಳಿಂದ ಎಲ್ಲರಿಗೂ ಗೊತ್ತಿದೆ. ಅದು ಬರಹಕ್ಕೆ ಇಳಿಯುತ್ತಿಲ್ಲ ಎಂಬುದೇ ತೊಡಕು.

ನಿಮ್ಮ ಪಟ್ಟಿಯನ್ನು ತಯಾರಿಸುವಾಗ ನೂರಾರು ಅಂಶಗಳನ್ನು ಸೇರಿಸಬೇಡಿ. ಹನ್ನೆರಡರಿಂದ ಹದಿನೈದು ಅಂಶಗಳನ್ನು ಆಯ್ದುಕೊಳ್ಳಿ, ಮತ್ತು ಪ್ರತಿಯೊಂದು ಅಂಶವನ್ನು ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ಮುಂದಿನ ಪಾಳಿಯ ವೈದ್ಯರಾಗಲಿ ನರ್ಸ್ ಆಗಲಿ ಯಾವ ತೀರ್ಮಾನವನ್ನು ತಪ್ಪಾಗಿ ತೆಗೆದುಕೊಳ್ಳುವ ಸಾಧ್ಯತೆ ಇದೆ? ಉತ್ತರ ಹೊಳೆಯದಿದ್ದರೆ ಆ ಅಂಶವನ್ನು ಸದ್ಯಕ್ಕೆ ಬಿಡಿ. ಅನ್ವಯಿಸುವಿಕೆಯನ್ನೂ ಬರೆದಿಡಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಮಾತ್ರ, ರಕ್ತ ನೀಡಿಕೆಯ ದಾಖಲೆ ರಕ್ತ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ. ಇದನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ಶೇಕಡಾವಾರು ಲೆಕ್ಕ ಹಾಕುವ ದಿನ ಜಗಳ ಖಚಿತ.

ಇನ್ನೊಂದು ನಿಯಮವನ್ನು ಆರಂಭದಲ್ಲೇ ಮಾಡಿಕೊಳ್ಳಬೇಕು. ಖಾಲಿ ಬಿಟ್ಟ ಜಾಗಕ್ಕೆ ಕನಿಷ್ಠ ಮೂರು ಅರ್ಥಗಳಿವೆ: ಕೇಳಲಿಲ್ಲ, ಕೇಳಿದೆವು ಆದರೆ ಏನೂ ಇಲ್ಲವೆಂದರು, ಕೇಳಲು ಸಾಧ್ಯವಾಗಲಿಲ್ಲ. ಓದುವವರಿಗೆ ಇವುಗಳಲ್ಲಿ ಯಾವುದೆಂದು ತಿಳಿಯುವ ದಾರಿ ಇಲ್ಲ. ಹೀಗಾಗಿ "ಔಷಧ ಅಲರ್ಜಿ ಇಲ್ಲವೆಂದು ರೋಗಿ ತಿಳಿಸಿದ್ದಾರೆ", "ರೋಗಿಗೆ ಪ್ರಜ್ಞೆ ಇಲ್ಲ, ಜೊತೆಗೆ ಯಾರೂ ಬಂದಿಲ್ಲ, ವಿವರ ಪಡೆಯಬೇಕಿದೆ" ಎಂಬಂಥ ಬರಹಗಳನ್ನು ಪೂರ್ಣವೆಂದೇ ಪರಿಗಣಿಸಬೇಕು, ಖಾಲಿ ಜಾಗವನ್ನೂ ಅಡ್ಡಗೆರೆಯನ್ನೂ ಅಪೂರ್ಣವೆಂದು ಪರಿಗಣಿಸಬೇಕು. ಈ ಒಂದೇ ನಿಯಮದಿಂದ ಸಿಬ್ಬಂದಿಯ ಬರವಣಿಗೆಯ ರೀತಿಯಲ್ಲಿ ಆಗುವ ಬದಲಾವಣೆ ದೊಡ್ಡದು.

ಎರಡನೆಯ ಹೆಜ್ಜೆ: ಈಗಿನ ಸ್ಥಿತಿಯನ್ನು ಅಳೆಯಿರಿ

ಅಳತೆ ಮಾಡದೆ ಸುಧಾರಣೆಗೆ ಕೈಹಾಕಿದರೆ ಕೊನೆಗೆ ಸುಧಾರಣೆ ಆಯಿತೋ ಇಲ್ಲವೋ ಎಂದು ಹೇಳಲು ಆಧಾರವೇ ಇರುವುದಿಲ್ಲ. ಪ್ರತಿ ವಿಭಾಗದಿಂದ ಕಳೆದ ತಿಂಗಳು ಬಿಡುಗಡೆಯಾದವರ ಪಟ್ಟಿಯನ್ನು ತೆಗೆದುಕೊಂಡು, ಅದರಿಂದ ಮೂವತ್ತರಷ್ಟು ದಾಖಲೆಗಳನ್ನು ಯಾದೃಚ್ಛಿಕವಾಗಿ ಆರಿಸಿ. ಅಷ್ಟು ಬಿಡುಗಡೆಗಳೇ ಇಲ್ಲದ ಸಣ್ಣ ವಿಭಾಗವಾದರೆ ಎಲ್ಲವನ್ನೂ ನೋಡಿ. ಕಪಾಟಿನಲ್ಲಿ ಕೈಗೆ ಸಿಕ್ಕಿದ ಕಡತಗಳನ್ನು ತೆಗೆದುಕೊಳ್ಳುವುದು ಸರಿಯಲ್ಲ, ಏಕೆಂದರೆ ದಾಖಲೆ ವಿಭಾಗಕ್ಕೆ ಬೇಗ ಬಂದು ಸೇರಿರುವ ಕಡತಗಳು ಸಾಮಾನ್ಯವಾಗಿ ಸರಳ ಪ್ರಕರಣಗಳವು. ಐಸಿಯುನಲ್ಲಿ ದೀರ್ಘಕಾಲ ಇದ್ದವರ, ಒಂದು ವಿಭಾಗದಿಂದ ಇನ್ನೊಂದಕ್ಕೆ ವರ್ಗವಾದವರ, ತೀರಿಕೊಂಡವರ ಕಡತಗಳು ಎಲ್ಲೋ ಒಂದು ಮೇಜಿನ ಮೇಲೆ ಉಳಿದಿರುತ್ತವೆ, ಮತ್ತು ಕೊರತೆಗಳು ಹೆಚ್ಚಾಗಿ ಅಡಗಿರುವುದು ಅಂಥವುಗಳಲ್ಲೇ.

ಪ್ರತಿ ಅಂಶಕ್ಕೂ ಇದೆ, ಇಲ್ಲ, ಅನ್ವಯಿಸುವುದಿಲ್ಲ ಎಂಬ ಮೂರೇ ಗುರುತುಗಳಿರಲಿ. ಬರಹ ಇದೆ, ಆದರೆ ದಿನಾಂಕವಾಗಲಿ ಸಮಯವಾಗಲಿ ಬರೆದವರ ಹೆಸರಾಗಲಿ ಇಲ್ಲದಿದ್ದರೆ ಅದನ್ನು ಹೇಗೆ ಎಣಿಸಬೇಕೆಂದು ಮೊದಲೇ ತೀರ್ಮಾನಿಸಿ. ಅದನ್ನು ಅಪೂರ್ಣವೆಂದು ಎಣಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಯಾವಾಗ ಬರೆದದ್ದೆಂದು ತಿಳಿಯದ ರಕ್ತದೊತ್ತಡದ ಅಂಕಿಯಿಂದ ರೋಗಿ ಸುಧಾರಿಸುತ್ತಿದ್ದಾರೋ ಕುಸಿಯುತ್ತಿದ್ದಾರೋ ಹೇಳಲಾಗದು. ಮೊದಲ ಹತ್ತು ಕಡತಗಳನ್ನು ಇಬ್ಬರು ಪರಿಶೀಲಕರು ಬೇರೆ ಬೇರೆಯಾಗಿ ನೋಡಿ, ಆಮೇಲೆ ಗುರುತುಗಳನ್ನು ಹೋಲಿಸಲಿ. ಎಲ್ಲಿ ಇಬ್ಬರ ಉತ್ತರ ಬೇರೆಯಾಗುತ್ತದೋ ಅಲ್ಲಿ ನಿಮ್ಮ ಮಾನದಂಡದ ಭಾಷೆ ಅಸ್ಪಷ್ಟವಾಗಿದೆ ಎಂದರ್ಥ. ಪರಿಶೀಲನಾ ಹಾಳೆಯಲ್ಲಿ ರೋಗಿಯ ಹೆಸರನ್ನು ಬರೆಯಬಾರದು, ಕ್ರಮಸಂಖ್ಯೆ ಸಾಕು.

ಫಲಿತಾಂಶವನ್ನು ಎರಡು ಬಗೆಯಲ್ಲಿ ವರದಿ ಮಾಡಬೇಕು. ಒಂದು, ಅಂಶವಾರು ಪೂರ್ಣತೆ, ಅಂದರೆ ಅಲರ್ಜಿಯ ವಿವರ ಶೇಕಡಾ ಎಷ್ಟು ದಾಖಲೆಗಳಲ್ಲಿದೆ ಎಂಬುದು. ಇನ್ನೊಂದು, ಎಲ್ಲ ಅಂಶಗಳೂ ಇರುವ ದಾಖಲೆಗಳು ಶೇಕಡಾ ಎಷ್ಟು ಎಂಬುದು. ಮೊದಲನೆಯದನ್ನು ಮಾತ್ರ ನೋಡಿದರೆ ಮೋಸ ಹೋಗುವ ಸಂಭವವಿದೆ. ಹನ್ನೆರಡು ಅಂಶಗಳಲ್ಲಿ ಪ್ರತಿಯೊಂದೂ ಶೇಕಡಾ 95ರಷ್ಟು ದಾಖಲೆಗಳಲ್ಲಿ ಇದ್ದು, ಕೊರತೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹರಡಿಕೊಂಡಿದ್ದರೆ, ಹನ್ನೆರಡೂ ಅಂಶಗಳು ಸೇರಿರುವ ದಾಖಲೆಗಳು ಶೇಕಡಾ 54ರಷ್ಟು ಮಾತ್ರ ಇರುತ್ತವೆ. ಪ್ರತಿ ವಿಭಾಗವೂ ತನ್ನ 95ನ್ನು ನೋಡಿ ತೃಪ್ತಿಪಡುತ್ತಿರುವಾಗ, ಅರ್ಧದಷ್ಟು ರೋಗಿಗಳ ದಾಖಲೆಯಲ್ಲಿ ಏನಾದರೊಂದು ಇಲ್ಲವಾಗಿರುತ್ತದೆ.

ಈ ಹಂತದಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರಿಶೀಲನೆ ನಡೆಯುತ್ತಿದೆಯೆಂದು ತಿಳಿದ ಕೂಡಲೇ ಹಳೆಯ ಕಡತಗಳನ್ನು ತೆಗೆದು ಖಾಲಿ ಜಾಗಗಳನ್ನು ನೆನಪಿನಿಂದಲೋ ಊಹೆಯಿಂದಲೋ ತುಂಬುವ ಪ್ರಯತ್ನಗಳು ನಡೆಯುತ್ತವೆ. ಅದನ್ನು ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಬೇಕು. ಅಂದು ಪರೀಕ್ಷಿಸದ ನಾಡಿಯನ್ನು ಇಂದು ಬರೆಯುವುದು ದಾಖಲೆಯ ತಿರುಚುವಿಕೆ; ಖಾಲಿ ಜಾಗವೇ ಅದಕ್ಕಿಂತ ಮೇಲು.

ಮೂರನೆಯ ಹೆಜ್ಜೆ: ಪ್ರತಿ ಕೊರತೆಯ ಹಿಂದಿರುವ ಕಾರಣವನ್ನು ಹುಡುಕಿ

ಅಂಕಿಗಳು ಬಂದ ಮೇಲೆ ಸಭೆ ಕರೆದು "ಎಲ್ಲರೂ ಸರಿಯಾಗಿ ಬರೆಯಬೇಕು" ಎಂದು ಹೇಳಿ ಮುಗಿಸುವ ರೂಢಿ ಇದೆ. ಅದರ ಬದಲು ಅತಿ ಹೆಚ್ಚು ಕೊರತೆಯಿರುವ ಮೂರು ಅಂಶಗಳನ್ನು ಮಾತ್ರ ಕೈಗೆತ್ತಿಕೊಂಡು, ಅವುಗಳನ್ನು ಬರೆಯಬೇಕಾದವರ ಜೊತೆಗೆ ವಾರ್ಡಿನಲ್ಲೇ ಕುಳಿತು ಮಾತನಾಡಿ. ಕೊರತೆಗೆ ಸೋಮಾರಿತನ ಕಾರಣವಾಗಿರುವ ಪ್ರಕರಣಗಳು ನಾವು ಭಾವಿಸುವುದಕ್ಕಿಂತ ಕಡಿಮೆ. ಮಗುವಿನ ತೂಕ ದಾಖಲಾಗಿಲ್ಲವೆಂದರೆ ವಾರ್ಡಿನ ತೂಕದ ಯಂತ್ರ ಕೆಟ್ಟಿರಬಹುದು. ಸಮ್ಮತಿ ಪತ್ರದಲ್ಲಿ ಶಸ್ತ್ರಚಿಕಿತ್ಸಕರ ಸಹಿ ಇಲ್ಲವೆಂದರೆ ಆ ಪತ್ರವನ್ನು ಹಿಂದಿನ ಸಂಜೆ ಕಿರಿಯ ವೈದ್ಯರೊಬ್ಬರು ರೋಗಿಯ ಬಳಿಗೆ ಒಯ್ದಿರುತ್ತಾರೆ, ಶಸ್ತ್ರಚಿಕಿತ್ಸಕರ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ. ದಿನದ ಟಿಪ್ಪಣಿ ಭಾನುವಾರಗಳಂದು ಮಾತ್ರ ಇಲ್ಲವೆಂದರೆ ಆ ದಿನದ ರೌಂಡ್ಸ್ ಯಾರದ್ದೆಂಬುದೇ ನಿಶ್ಚಯವಾಗಿರುವುದಿಲ್ಲ.

ಕೊರತೆಗಳನ್ನು ವಾರದ ದಿನ, ಪಾಳಿ, ದಾಖಲಾತಿಯ ಮಾರ್ಗ ಇವುಗಳ ಪ್ರಕಾರ ವಿಂಗಡಿಸಿ ನೋಡುವುದು ಬಹಳ ಉಪಯುಕ್ತ. ತುರ್ತು ಚಿಕಿತ್ಸಾ ಘಟಕದಿಂದ ವಾರ್ಡಿಗೆ, ವಾರ್ಡಿನಿಂದ ಶಸ್ತ್ರಚಿಕಿತ್ಸಾ ಕೊಠಡಿಗೆ, ಅಲ್ಲಿಂದ ಐಸಿಯುಗೆ ಹೀಗೆ ರೋಗಿಯ ಹೊಣೆ ಕೈಬದಲಾಗುವ ಜಾಗಗಳಲ್ಲಿ, ಬರೆಯುವ ಕೆಲಸ ಇನ್ನೊಬ್ಬರದ್ದೆಂದು ಇಬ್ಬರೂ ಭಾವಿಸುವುದರಿಂದ ಕೊರತೆಗಳು ಗುಂಪುಗಟ್ಟಿ ಕಾಣಿಸುತ್ತವೆ. ಅಂಥ ಪ್ರತಿ ಜಾಗದಲ್ಲೂ ಪ್ರತಿ ಅಂಶಕ್ಕೆ ಒಬ್ಬರನ್ನೇ ಹೊಣೆಗಾರರನ್ನಾಗಿ ಹೆಸರಿಸಿ: "ದಾಖಲಾತಿಯ ವೇಳೆ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧಗಳ ಪಟ್ಟಿಯನ್ನು ಬರೆಯುವವರು ವಾರ್ಡಿನ ಡ್ಯೂಟಿ ಡಾಕ್ಟರ್". "ವೈದ್ಯಕೀಯ ತಂಡ" ಎಂದು ಬರೆದರೆ ಯಾರೂ ಬರೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ನಮೂನೆಗಳನ್ನು ಕಡಿಮೆ ಮಾಡಿ

ಪ್ರತಿ ಅವಘಡದ ನಂತರ ಆಸ್ಪತ್ರೆಗಳು ಒಂದು ಹೊಸ ನಮೂನೆಯನ್ನು ಸೇರಿಸುತ್ತವೆ, ಹಳೆಯದನ್ನು ತೆಗೆಯುವುದಿಲ್ಲ. ಕೆಲವು ವರ್ಷಗಳಲ್ಲಿ ರೋಗಿಯ ವಯಸ್ಸು ಏಳೆಂಟು ಕಡೆ, ಅಲರ್ಜಿ ನಾಲ್ಕು ಕಡೆ ಬರೆಯಬೇಕಾದ ಪರಿಸ್ಥಿತಿ ಬರುತ್ತದೆ. ನಾಲ್ಕು ಕಡೆ ಬರೆಯಬೇಕಾದದ್ದು ಎರಡು ಕಡೆ ಖಾಲಿಯಾಗಿಯೂ ಒಂದು ಕಡೆ ಬೇರೆಯಾಗಿಯೂ ಇರುವುದು ಸಹಜ. ಆದ್ದರಿಂದ ಖಾಲಿ ಕೇಸ್ ಶೀಟಿನ ಒಂದು ಪೂರ್ತಿ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಒಂದೇ ಮಾಹಿತಿಯನ್ನು ಕೇಳುವ ಜಾಗಗಳನ್ನೆಲ್ಲ ಗುರುತು ಮಾಡಿ, ಪ್ರತಿಯೊಂದು ಮಾಹಿತಿಗೂ ಒಂದೇ ಜಾಗ ಉಳಿಯುವಂತೆ ಮಾಡಿ. ಅಲರ್ಜಿಗೆ ಆ ಜಾಗ ಔಷಧ ಚಾರ್ಟಿನ ತಲೆಭಾಗವೇ ಆಗಬೇಕು. ಔಷಧ ಬರೆಯುವವರ ಕಣ್ಣಿಗೂ ಕೊಡುವವರ ಕಣ್ಣಿಗೂ ಅದು ಬೀಳುವುದು ಅಲ್ಲಿಯೇ.

ದಿನದ ಟಿಪ್ಪಣಿಗೆ ಖಾಲಿ ಗೆರೆಗಳ ಹಾಳೆ ಕೊಟ್ಟರೆ "ರೋಗಿ ಸ್ಥಿರವಾಗಿದ್ದಾರೆ, ಅದೇ ಚಿಕಿತ್ಸೆ ಮುಂದುವರಿಸಿ" ಎಂಬ ಸಾಲು ಎಂಟು ದಿನವೂ ಪುನರಾವರ್ತನೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರು 1968ರಲ್ಲಿ ವಿವರಿಸಿದ, ಸಮಸ್ಯೆಗಳ ಪಟ್ಟಿಯನ್ನು ಆಧರಿಸಿ ಬರೆಯುವ ಕ್ರಮ ಇಂದಿಗೂ ಉಪಯುಕ್ತ. ಮೊದಲು ರೋಗಿಯ ಸಮಸ್ಯೆಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಲಾಗುತ್ತದೆ. ನಂತರ ಪ್ರತಿ ಸಮಸ್ಯೆಯ ಕೆಳಗೆ ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ವೈದ್ಯರ ತೀರ್ಮಾನ, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳಲ್ಲಿ ಟಿಪ್ಪಣಿ ಬೆಳೆಯುತ್ತದೆ. ನ್ಯುಮೋನಿಯಾಗೆಂದು ದಾಖಲಾದ ರೋಗಿಯ ಮೂತ್ರಪಿಂಡದ ತೊಂದರೆ ಮೂರನೆಯ ದಿನಕ್ಕೆ ಟಿಪ್ಪಣಿಯಿಂದಲೇ ಮರೆಯಾಗುವುದನ್ನು ಈ ಕ್ರಮ ತಡೆಯುತ್ತದೆ.

ಹೊಸ ನಮೂನೆಯನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಒಂದೇ ವಾರ್ಡಿನಲ್ಲಿ, ಎರಡು ವಾರ, ನಕಲು ಪ್ರತಿಗಳಲ್ಲಿ ಬಳಸಿ ನೋಡಿ.

ಐದನೆಯ ಹೆಜ್ಜೆ: ರೋಗಿ ವಾರ್ಡಿನಲ್ಲಿರುವಾಗಲೇ ಪರಿಶೀಲಿಸಿ

ಈ ಮಾರ್ಗದರ್ಶಿಯ ಬೇರೆ ಯಾವ ಸಲಹೆಯನ್ನು ಕೈಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ. ದಾಖಲೆ ವಿಭಾಗದ ಸಿಬ್ಬಂದಿಯಲ್ಲಿ ಒಬ್ಬರಾದರೂ ದಿನದ ಒಂದಿಷ್ಟು ಹೊತ್ತನ್ನು ವಾರ್ಡುಗಳಲ್ಲಿ ಕಳೆಯುವಂತೆ ಕೆಲಸ ಹಂಚಿ. ಅವರು ಎಲ್ಲ ರೋಗಿಗಳ ಕಡತಗಳನ್ನೂ ದಿನವೂ ನೋಡಬೇಕಿಲ್ಲ. ದಾಖಲಾಗಿ ಇಪ್ಪತ್ತನಾಲ್ಕು ಗಂಟೆ ಕಳೆದ ಕಡತಗಳು, ಹಿಂದಿನ ದಿನ ಶಸ್ತ್ರಚಿಕಿತ್ಸೆಯಾದವರ ಕಡತಗಳು, ಮರುದಿನ ಬಿಡುಗಡೆಯಾಗಲಿರುವವರ ಕಡತಗಳು, ಈ ಮೂರು ಗುಂಪುಗಳನ್ನು ನೋಡಿದರೆ ಸಾಕು. ಮೊದಲ ಗುಂಪಿನಲ್ಲಿ ಆರೋಗ್ಯ ಇತಿಹಾಸ, ಪರೀಕ್ಷೆ, ಅಲರ್ಜಿ, ತೂಕ ಮತ್ತು ಮನೆಯ ಔಷಧಗಳ ಪಟ್ಟಿ. ಎರಡನೆಯದರಲ್ಲಿ ಸಮ್ಮತಿ ಪತ್ರ, ಅರಿವಳಿಕೆಯ ದಾಖಲೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಮೂರನೆಯದರಲ್ಲಿ ಬಾಕಿಯಿರುವ ವರದಿಗಳು ಮತ್ತು ಅಂತಿಮ ರೋಗನಿರ್ಣಯ. ಹೀಗೆ ಹಂಚಿಕೊಂಡಾಗ ಒಂದು ಕಡತಕ್ಕೆ ಹಿಡಿಯುವ ಸಮಯ ಕೆಲವೇ ನಿಮಿಷ.

ಕೊರತೆ ಕಂಡಾಗ ಅದನ್ನು ಅಲ್ಲಿಯೇ ಇರುವ ನರ್ಸ್ ಅಥವಾ ವೈದ್ಯರಿಗೆ ಬಾಯಿಮಾತಿನಲ್ಲಿ ತಿಳಿಸಿ, ಕಡತದ ಮುಖಪುಟದಲ್ಲಿ ಬಣ್ಣದ ಚೀಟಿಯೊಂದನ್ನು ಇಡಬಹುದು. ಆ ಚೀಟಿ ದಾಖಲೆಯ ಭಾಗವಲ್ಲ, ಕೊರತೆ ತುಂಬಿದ ಮೇಲೆ ಅದನ್ನು ತೆಗೆದುಹಾಕಬೇಕು. ದಾಖಲೆ ಸಿಬ್ಬಂದಿ ವೈದ್ಯಕೀಯ ವಿಷಯವನ್ನು ಸೂಚಿಸಬಾರದು ಎಂಬ ಗಡಿಯನ್ನೂ ಸ್ಪಷ್ಟವಾಗಿ ಹೇಳಿರಬೇಕು. "ರೋಗನಿರ್ಣಯದ ಜಾಗ ಖಾಲಿ ಇದೆ" ಎಂದು ಅವರು ಹೇಳಬಹುದು, "ಇಲ್ಲಿ ಮಧುಮೇಹ ಎಂದು ಬರೆಯಿರಿ" ಎನ್ನುವಂತಿಲ್ಲ.

ಆದರೆ ಸಂಕೇತೀಕರಣಕ್ಕೆ, ಅಂದರೆ ಪ್ರತಿ ರೋಗನಿರ್ಣಯಕ್ಕೂ ವರ್ಗೀಕರಣದ ಸಂಕೇತ ಕೊಡುವ ಕೆಲಸಕ್ಕೆ, ಬೇಕಾದ ನಿರ್ದಿಷ್ಟತೆಯನ್ನು ಪ್ರಶ್ನೆಯ ರೂಪದಲ್ಲಿ ಕೇಳುವುದು ಅವರ ಕರ್ತವ್ಯವೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಎರಡನೆಯ ವಿಧದ ಮಧುಮೇಹಕ್ಕೆ ಇ11 ಎಂಬ ಸಂಕೇತವಿದೆ, ವಿಧವನ್ನು ಹೇಳದ ಮಧುಮೇಹಕ್ಕೆ ಇ14 ಎಂಬ ಬೇರೆ ಸಂಕೇತವಿದೆ. ವೈದ್ಯರು ಬರೀ "ಮಧುಮೇಹ" ಎಂದು ಬರೆದರೆ ಆ ರೋಗಿ ಅಂಕಿಅಂಶಗಳಲ್ಲಿ ಇ14ರ ಗುಂಪಿಗೆ ಸೇರುತ್ತಾರೆ, ಆಸ್ಪತ್ರೆಯ ವಾರ್ಷಿಕ ವರದಿಯಲ್ಲಿ ಆ ಗುಂಪು ದೊಡ್ಡದಾಗಿ ಕಾಣುತ್ತದೆ. ಅದು ರೋಗದ ವಿಷಯ ಹೇಳುವುದಿಲ್ಲ, ಬರವಣಿಗೆಯ ಕೊರತೆಯನ್ನು ಹೇಳುತ್ತದೆ.

ಆರನೆಯ ಹೆಜ್ಜೆ: ಅಪಾಯ ಹೆಚ್ಚಿರುವ ಪುಟಗಳಿಗೆ ಹೆಚ್ಚು ಗಮನ ಕೊಡಿ

ಎಲ್ಲ ಕೊರತೆಗಳೂ ಸಮಾನವಲ್ಲ. ವಿಳಾಸದ ಪಿನ್ ಸಂಖ್ಯೆ ಇಲ್ಲದಿರುವುದನ್ನೂ ಔಷಧ ಚಾರ್ಟಿನಲ್ಲಿ ಒಂದು ಚೌಕ ಖಾಲಿ ಇರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಔಷಧ ಚಾರ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಚೌಕ ಖಾಲಿಯಿದ್ದರೆ ಮುಂದಿನ ಪಾಳಿಯ ನರ್ಸ್‌ಗೆ ಔಷಧ ಕೊಟ್ಟಿದ್ದಾರೋ ಇಲ್ಲವೋ ತಿಳಿಯುವುದಿಲ್ಲ; ಕೊಟ್ಟರೆ ಎರಡು ಸಲ ಕೊಟ್ಟಂತಾಗಬಹುದು, ಬಿಟ್ಟರೆ ಒಂದು ಸಲವೂ ಕೊಡದಂತಾಗಬಹುದು. ಆದ್ದರಿಂದ ಕೊಡದೆ ಬಿಟ್ಟ ಪ್ರತಿ ಸಲಕ್ಕೂ ಕಾರಣದ ಸಂಕೇತ ಇರಲೇಬೇಕು: ರೋಗಿ ನಿರಾಕರಿಸಿದರು, ಔಷಧ ಲಭ್ಯವಿರಲಿಲ್ಲ, ಪರೀಕ್ಷೆಗಾಗಿ ಉಪವಾಸವಿದ್ದರು, ಇತ್ಯಾದಿ. ಔಷಧ ಆದೇಶದಲ್ಲಿ ಪ್ರಮಾಣ, ಕೊಡುವ ಮಾರ್ಗ, ಎಷ್ಟು ಹೊತ್ತಿಗೊಮ್ಮೆ, ಯಾವಾಗಿನಿಂದ ಎಂಬುವು ಇದ್ದರೆ ಮಾತ್ರ ಅದು ಪೂರ್ಣ. ಅಸ್ಪಷ್ಟ ಸಂಕ್ಷೇಪಗಳೂ ಒಂದು ಬಗೆಯ ಅಪೂರ್ಣತೆಯೇ ಆಗಿವೆ. ಇನ್ಸುಲಿನ್ ಆದೇಶದಲ್ಲಿ ಯೂನಿಟ್ ಎಂಬುದರ ಬದಲು ಇಂಗ್ಲಿಷಿನ ಯು ಅಕ್ಷರವನ್ನು ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 4 ಎಂಬುದು 40 ಆಗಬಹುದು; 1.0 ಎಂದು ಬರೆದಾಗ ಚುಕ್ಕೆ ಮಾಸಿದರೆ 10 ಆಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಹೊರತಂದ, ಬಳಸಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಇವೆರಡೂ ಇವೆ. ಅಂಥದೊಂದು ಚಿಕ್ಕ ಪಟ್ಟಿಯನ್ನು ನಿಮ್ಮ ಆಸ್ಪತ್ರೆಯೂ ಅಳವಡಿಸಿಕೊಳ್ಳಬಹುದು.

ನಾಡಿ, ರಕ್ತದೊತ್ತಡ, ಉಷ್ಣಾಂಶಗಳ ಚಾರ್ಟಿನಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಉಸಿರಾಟದ ಗತಿ. ಉಳಿದವನ್ನು ಯಂತ್ರ ತೋರಿಸುತ್ತದೆ, ಇದನ್ನು ಗಡಿಯಾರ ನೋಡಿ ಎಣಿಸಬೇಕು. ಹೀಗಾಗಿ ಅದು ಖಾಲಿಯಿರುತ್ತದೆ, ಇಲ್ಲವೇ ವಾರ್ಡಿನ ಎಲ್ಲರಿಗೂ 20 ಎಂದೇ ಇರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕದಂಥ ಪದ್ಧತಿಗಳಲ್ಲಿ ಉಸಿರಾಟ, ರಕ್ತದ ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆಯ ಮಟ್ಟ, ಉಷ್ಣಾಂಶ ಇವೆಲ್ಲಕ್ಕೂ ಅಂಕಗಳನ್ನು ಕೊಟ್ಟು ಕೂಡಿಸಲಾಗುತ್ತದೆ. ಒಂದನ್ನು ಬಿಟ್ಟು ಕೂಡಿಸಿದರೆ ಮೊತ್ತ ನಿಜಕ್ಕಿಂತ ಕಡಿಮೆ ಬರಬಹುದು, ಕುಸಿಯುತ್ತಿರುವ ರೋಗಿಯೂ ಸುಸ್ಥಿತಿಯಲ್ಲಿರುವಂತೆ ಕಾಣಬಹುದು. ಪರಿಶೀಲನೆಯ ವೇಳೆ ಈ ಅಂಕಣ ತುಂಬಿದೆಯೇ ಎಂಬುದರ ಜೊತೆಗೆ ಅಂಕಿಗಳಲ್ಲಿ ಸಹಜವಾದ ಏರಿಳಿತ ಇದೆಯೇ ಎಂಬುದನ್ನೂ ನೋಡಿ.

ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ರೋಗಿ ಮುಂದಿನ ಆರೈಕೆಯ ಜಾಗಕ್ಕೆ ಹೋಗುವ ಮುನ್ನವೇ ಬರೆಯಬೇಕು. ಶಸ್ತ್ರಚಿಕಿತ್ಸಕರು ಹಾಗೂ ಸಹಾಯಕರ ಹೆಸರು, ಮಾಡಿದ ಶಸ್ತ್ರಚಿಕಿತ್ಸೆ, ಒಳಗೆ ಕಂಡ ಸ್ಥಿತಿ, ನಷ್ಟವಾದ ರಕ್ತದ ಪ್ರಮಾಣ, ಪರೀಕ್ಷೆಗೆ ಕಳುಹಿಸಿದ ಅಂಗಾಂಶ, ನಂತರದ ರೋಗನಿರ್ಣಯ ಇವಿಷ್ಟಿದ್ದರೆ ಆ ರಾತ್ರಿ ರಕ್ತದೊತ್ತಡ ಕುಸಿದಾಗ ನೋಡಲು ಬರುವ ವೈದ್ಯರಿಗೆ ದಾರಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುರಕ್ಷಿತ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ 19 ಅಂಶಗಳಿದ್ದು, ಅವನ್ನು ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಕೊಠಡಿಯಿಂದ ಹೊರಡುವ ಮುನ್ನ ಎಂಬ ಮೂರು ಘಟ್ಟಗಳಲ್ಲಿ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಹತ್ತೊಂಬತ್ತಕ್ಕೂ ಒಂದೇ ಪೆನ್ನಿನಿಂದ, ಒಂದೇ ಹೊತ್ತಿಗೆ ಗುರುತು ಹಾಕಿದ ಹಾಳೆ ನೋಡಲು ಪೂರ್ಣವಾಗಿದ್ದರೂ ಅದರ ಉದ್ದೇಶ ಈಡೇರಿರುವುದಿಲ್ಲ.

ಬಿಡುಗಡೆ ಸಾರಾಂಶವನ್ನು ಆಸ್ಪತ್ರೆಯ ಹೊರಗಿನ ವೈದ್ಯರು ಓದುತ್ತಾರೆಂಬುದನ್ನು ನೆನಪಿಟ್ಟುಕೊಂಡು ಬರೆಯಬೇಕು. ಅದರಲ್ಲಿ ಬಹಳ ಸಲ ಬಿಟ್ಟುಹೋಗುವುದು ಎರಡು ಸಂಗತಿ. ಮೊದಲನೆಯದು, ರೋಗಿ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಯಾವ ಔಷಧವನ್ನು ನಿಲ್ಲಿಸಲಾಗಿದೆ, ಯಾವುದರ ಪ್ರಮಾಣ ಬದಲಾಗಿದೆ, ಏಕೆ ಎಂಬುದು. ಇದಿಲ್ಲದೆ ಹೊಸ ಔಷಧಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ ರೋಗಿ ಮನೆಯಲ್ಲಿ ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗುತ್ತಾರೆ. ಎರಡನೆಯದು, ಬಿಡುಗಡೆಯ ಹೊತ್ತಿಗೆ ಇನ್ನೂ ಬಾರದಿರುವ ವರದಿಗಳು. ಬಯಾಪ್ಸಿಯ ವರದಿ ಬಂದಾಗ ಅದನ್ನು ಯಾರು ನೋಡುತ್ತಾರೆ, ರೋಗಿಗೆ ಯಾರು ತಿಳಿಸುತ್ತಾರೆ ಎಂದು ಹೆಸರು ಸಹಿತ ಬರೆದಿರಬೇಕು.

ಮರಣ ಪ್ರಮಾಣಪತ್ರದಲ್ಲಿ "ಹೃದಯ ಸ್ತಂಭನ" ಎಂದಷ್ಟೇ ಬರೆಯುವ ಅಭ್ಯಾಸವೂ ವ್ಯಾಪಕವಾಗಿದೆ. ಅದು ಸಾಯುವ ಬಗೆ, ಸಾವಿನ ಮೂಲಕಾರಣವಲ್ಲ. ತಕ್ಷಣದ ಕಾರಣದಿಂದ ಹಿಂದಕ್ಕೆ ಹೋಗುತ್ತಾ, ಆ ಸರಣಿಯನ್ನು ಆರಂಭಿಸಿದ ರೋಗ ಅಥವಾ ಗಾಯವನ್ನು ಕೊನೆಯ ಸಾಲಿನಲ್ಲಿ ಬರೆಯಬೇಕೆಂಬುದು ಅಂತಾರಾಷ್ಟ್ರೀಯ ನಮೂನೆಯ ಕ್ರಮ.

ಏಳನೆಯ ಹೆಜ್ಜೆ: ತಡವಾದ ಬರಹಕ್ಕೂ ತಿದ್ದುಪಡಿಗೂ ನಿಯಮವಿರಲಿ

ತುರ್ತು ಸ್ಥಿತಿಯಲ್ಲಿ ಬರೆಯುವುದು ತಡವಾಗುತ್ತದೆ, ಅದರಲ್ಲಿ ತಪ್ಪಿಲ್ಲ. ತಡವಾಗಿ ಬರೆದಾಗ "ತಡವಾದ ನಮೂದು" ಎಂದು ಮೊದಲಿಗೆ ಸೂಚಿಸಿ, ಬರೆಯುತ್ತಿರುವ ಸಮಯವನ್ನೂ ಘಟನೆ ನಡೆದ ಸಮಯವನ್ನೂ ಬೇರೆ ಬೇರೆಯಾಗಿ ಬರೆಯಬೇಕು. ತಪ್ಪಾದ ಬರಹವನ್ನು ಓದಲು ಬರುವಂತೆ ಒಂದೇ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ಸಮಯ ಹಾಕಬೇಕು. ಬಿಳಿ ಬಣ್ಣ ಬಳಿಯುವುದಾಗಲಿ ಪುಟ ಹರಿದು ಹೊಸದು ಸೇರಿಸುವುದಾಗಲಿ ಕೂಡದು. ಫೋನ್ ಮೂಲಕ ಬಂದ ಆದೇಶವನ್ನು ಬರೆದುಕೊಂಡು, ಕೊಟ್ಟವರಿಗೆ ಮರಳಿ ಓದಿ ಹೇಳಿ, ಇಂತಿಷ್ಟು ಗಂಟೆಯೊಳಗೆ ಅವರ ಸಹಿ ಪಡೆಯಬೇಕೆಂದು ಗಡುವು ನಿಗದಿಪಡಿಸಿ. ಬಿಡಿ ಹಾಳೆಗಳ ಪ್ರತಿ ಪುಟದಲ್ಲೂ ರೋಗಿಯ ಹೆಸರು ಮತ್ತು ನೋಂದಣಿ ಸಂಖ್ಯೆ ಎರಡೂ ಇರಲಿ. ಬಿಡಿ ಹಾಳೆ ಕಳಚಿ ಬಿದ್ದರೆ ಬೇರೆ ಗುರುತು ಇರುವುದಿಲ್ಲ.

ಎಂಟನೆಯ ಹೆಜ್ಜೆ: ಕಂಪ್ಯೂಟರ್ ದಾಖಲೆಯಿದ್ದರೆ ಬೇರೆ ಬಗೆಯ ಕೊರತೆಯನ್ನು ಹುಡುಕಿ

ಕಂಪ್ಯೂಟರ್ ದಾಖಲೆ ಬಂದ ಮೇಲೆ ಸಹಿ, ಸಮಯ, ಅಕ್ಷರದ ಸ್ಪಷ್ಟತೆ ಈ ಮೂರರ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಆದರೆ ಹೊಸ ತೊಂದರೆಗಳು ಹುಟ್ಟುತ್ತವೆ. ತುಂಬದಿದ್ದರೆ ಮುಂದಿನ ಪರದೆಗೆ ಬಿಡದ ಕಡ್ಡಾಯ ಅಂಕಣಗಳನ್ನು ಹೆಚ್ಚಿಸಿದಷ್ಟೂ ಅವಸರದಲ್ಲಿರುವವರು ಚುಕ್ಕೆ, ಸೊನ್ನೆ, ಇಲ್ಲವೇ ಪಟ್ಟಿಯ ಮೊದಲ ಆಯ್ಕೆಯನ್ನು ಒತ್ತಿ ಮುಂದೆ ಹೋಗುತ್ತಾರೆ. ಗಣಕದ ಲೆಕ್ಕದಲ್ಲಿ ಅದು ಪೂರ್ಣ, ಓದುವವರಿಗೆ ಅದು ಖಾಲಿಗಿಂತ ಕೆಟ್ಟದ್ದು. ಅಲರ್ಜಿ, ತೂಕ, ರೋಗನಿರ್ಣಯದಂಥ ಕೆಲವೇ ಅಂಕಣಗಳನ್ನು ಕಡ್ಡಾಯ ಮಾಡಿ, ಅವುಗಳಲ್ಲಿಯೂ "ಈಗ ತಿಳಿದಿಲ್ಲ" ಎಂಬ ಪ್ರಾಮಾಣಿಕ ಆಯ್ಕೆಯನ್ನು ಕೊಡಿ. ಹಾಗೆ ಆರಿಸಿದ ರೋಗಿಗಳ ಪಟ್ಟಿ ಮರುದಿನ ಬೆಳಿಗ್ಗೆ ವಾರ್ಡಿನ ಪರದೆಯಲ್ಲಿ ತಾನಾಗಿ ಮೂಡಲಿ. ನಿನ್ನೆಯ ಟಿಪ್ಪಣಿಯನ್ನು ನಕಲಿಸಿ ಇಂದಿಗೆ ಅಂಟಿಸುವ ಅಭ್ಯಾಸವನ್ನು ಪರಿಶೀಲನೆಯಲ್ಲಿ ಪ್ರತ್ಯೇಕವಾಗಿ ನೋಡಬೇಕು. ಮೂತ್ರದ ಕೊಳವೆ ತೆಗೆದು ನಾಲ್ಕು ದಿನವಾದರೂ ಟಿಪ್ಪಣಿಯಲ್ಲಿ ಅದು ಇನ್ನೂ ಇದ್ದರೆ, ಅಲ್ಲಿ ನಕಲು ನಡೆಯುತ್ತಿದೆ ಎಂದು ತಿಳಿಯಬಹುದು.

ಒಂಬತ್ತನೆಯ ಹೆಜ್ಜೆ: ಫಲಿತಾಂಶವನ್ನು ಬರೆಯುವವರಿಗೆ ಬೇಗ ಹಿಂದಿರುಗಿಸಿ

ವರ್ಷಕ್ಕೊಮ್ಮೆ ಮುನ್ನೂರು ಕಡತಗಳನ್ನು ನೋಡುವುದಕ್ಕಿಂತ ವಾರಕ್ಕೊಮ್ಮೆ ಹತ್ತು ಕಡತಗಳನ್ನು ನೋಡುವುದು ಹೆಚ್ಚು ಪ್ರಯೋಜನಕಾರಿ. ಪ್ರತಿ ವಾರದ ಶೇಕಡಾವಾರನ್ನು ಒಂದು ನಕ್ಷೆಯಲ್ಲಿ ಬಿಂದುವಾಗಿ ಗುರುತಿಸಿ, ಆರಂಭದ ವಾರಗಳ ಮಧ್ಯಾಂಕವನ್ನು (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿಯನ್ನು) ಅಡ್ಡಗೆರೆಯಾಗಿ ಎಳೆಯಿರಿ. ಹತ್ತೇ ಕಡತಗಳಿರುವುದರಿಂದ ವಾರದಿಂದ ವಾರಕ್ಕೆ ಅಂಕಿ ಏರಿಳಿಯುವುದು ಸಹಜ, ಒಂದು ವಾರದ ಇಳಿತಕ್ಕೆ ಯಾರನ್ನೂ ಕರೆದು ಪ್ರಶ್ನಿಸಬೇಕಿಲ್ಲ. ಸತತವಾಗಿ ಆರು ಅಥವಾ ಹೆಚ್ಚು ಬಿಂದುಗಳು ಆ ಗೆರೆಯ ಒಂದೇ ಬದಿಯಲ್ಲಿ ಬಿದ್ದಾಗ ಮಾತ್ರ ಏನೋ ಬದಲಾಗಿದೆಯೆಂದು ತಿಳಿಯುವುದು ರೂಢಿಯಲ್ಲಿರುವ ನಿಯಮ.

ಈ ನಕ್ಷೆ ವಾರ್ಡಿನ ನರ್ಸಿಂಗ್ ಕೌಂಟರಿನ ಹಿಂದೆ, ಸಿಬ್ಬಂದಿಗೆ ಕಾಣುವಲ್ಲಿ ಇರಲಿ. ಘಟಕವಾರು ಅಂಕಿಗಳನ್ನು ಎಲ್ಲರಿಗೂ ತೋರಿಸಬಹುದು, ವ್ಯಕ್ತಿವಾರು ಅಂಕಿಗಳನ್ನು ಆಯಾ ವ್ಯಕ್ತಿಗೆ ಮಾತ್ರ, ಘಟಕದ ಹಿರಿಯ ವೈದ್ಯರ ಮೂಲಕ ತಿಳಿಸಬೇಕು. ಹೆಸರುಗಳನ್ನು ಸೂಚನಾಫಲಕದಲ್ಲಿ ಹಾಕಿದರೆ ಮುಂದಿನ ತಿಂಗಳು ಎಲ್ಲ ಅಂಕಣಗಳೂ ತುಂಬಿರುತ್ತವೆ, ಆದರೆ ಯಾವುದರಿಂದ ತುಂಬಿವೆ ಎಂಬುದನ್ನು ಯಾರೂ ಖಾತ್ರಿಯಾಗಿ ಹೇಳಲಾರರು. ಹಿರಿಯ ವೈದ್ಯರು ತಾವೇ ರೌಂಡ್ಸ್ ವೇಳೆ ಕಡತ ತೆರೆದು ಹಿಂದಿನ ದಿನದ ಟಿಪ್ಪಣಿಯನ್ನು ಓದಿಸಿ ಕೇಳುವ ಘಟಕಗಳಲ್ಲಿ ದಾಖಲೆ ಸುಧಾರಿಸಲು ಬೇರೆ ಒತ್ತಾಯ ಬೇಕಾಗುವುದಿಲ್ಲ. ಓದುವವರಿದ್ದಾರೆಂದು ಗೊತ್ತಿದ್ದರೆ ಬರೆಯುವವರು ಬರೆಯುತ್ತಾರೆ.

ಕೊನೆಯದಾಗಿ, ಕಿರಿಯ ವೈದ್ಯರ ಹೊಸ ತಂಡ ಕೆಲಸಕ್ಕೆ ಸೇರಿದಾಗಲೆಲ್ಲ ನಕ್ಷೆಯ ಬಿಂದುಗಳು ಕೆಳಗಿಳಿಯುತ್ತವೆಂದು ನಿರೀಕ್ಷಿಸಿ, ಅದಕ್ಕೆ ಮೊದಲೇ ಸಿದ್ಧರಾಗಿ. ಅವರ ಮೊದಲ ದಿನದ ತರಬೇತಿಯಲ್ಲಿ ನಿಯಮಗಳ ಉಪನ್ಯಾಸದ ಬದಲು, ಗುರುತಿನ ವಿವರಗಳನ್ನು ಅಳಿಸಿದ ಎರಡು ನಿಜವಾದ ಕಡತಗಳನ್ನು ಕೈಗೆ ಕೊಡಿ, ಒಂದು ಪೂರ್ಣವಾದದ್ದು, ಇನ್ನೊಂದು ಕೊರತೆಗಳಿರುವುದು. ರಾತ್ರಿ ಎರಡು ಗಂಟೆಗೆ ಈ ರೋಗಿಗೆ ಉಸಿರಾಟದ ತೊಂದರೆ ಆರಂಭವಾಗಿದೆ, ನೀವು ಇವರನ್ನು ಹಿಂದೆಂದೂ ನೋಡಿಲ್ಲ, ಏನು ಮಾಡುತ್ತೀರಿ ಎಂದು ಕೇಳಿ, ಎರಡೂ ಕಡತಗಳಿಂದ ಉತ್ತರ ಹುಡುಕಲು ಹೇಳಿ. ಆ ತಂಡದ ಮೊದಲ ಆರು ವಾರಗಳಲ್ಲಿ ಪರಿಶೀಲಿಸುವ ಕಡತಗಳ ಸಂಖ್ಯೆಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿ, ಅಂಕಿಗಳು ಹಿಂದಿನ ಮಟ್ಟಕ್ಕೆ ಬಂದ ಮೇಲೆ ಮತ್ತೆ ಹತ್ತಕ್ಕೆ ಇಳಿಸಿ.